ಪರದೇಶದ ಕಡಲಿಗೆ ಮನೆಯಲ್ಲೇ ಒಂದು ಲೆಕ್ಕ

ಹೈದರಾಬಾದಿಗೆ ಕಡಲಿಲ್ಲ. ಮಚಲೀಪಟ್ಟಣದ ದಂಡೆ ಮುಟ್ಟಬೇಕೆಂದರೂ ಮುನ್ನೂರು ಕಿಲೋಮೀಟರಿಗೆ ಮೇಲೆ ದಾರಿ ಸವೆಸಬೇಕು. ಅದಕ್ಕೇ ಇರಬೇಕು, ಈ ಊರಿನ ಮಕ್ಕಳಿಗೆ ಸಮುದ್ರವೆಂದರೆ ಅಷ್ಟು ಆಸೆ. ಮಾರ್ಚ್ ತಿಂಗಳ ಬಿಸಿಲು ಏರಿತೆಂದರೆ ಸಾಕು, ಪತ್ರಿಕೆಯ ಪುಟದಲ್ಲಿ, ಫೋನಿನ ಪರದೆಯ ಮೇಲೆ ನೀಲಿ ನೀರು, ಬಿಳಿ ಮರಳು, ತೆಂಗಿನ ನೆರಳು ಕಾಣಿಸಿಕೊಳ್ಳುತ್ತವೆ. ನಾಲ್ಕು ರಾತ್ರಿ, ಐದು ಹಗಲು, ಇಷ್ಟೇ ರೂಪಾಯಿ! ಕಾಚಿಗುಡ, ಬರ್ಕತ್‌ಪುರದ ಹಳೆಯ ಕನ್ನಡ ಮನೆಗಳಲ್ಲೂ, ಗಚ್ಚಿಬೌಲಿ, ಕೊಂಡಾಪುರದ ಅಪಾರ್ಟ್‌ಮೆಂಟುಗಳಿಗೆ ಈಚೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲೂ ಈಗ ಇದೇ ಮಾತು. ಫುಕೆಟ್‌ಗೆ ಹೋಗೋಣವೇ? ಬಾಲಿಗೋ? ಮಾಲ್ಡೀವ್ಸ್‌ಗೇ ಹೋಗಿಬಿಡೋಣವೇ?

ಹೋಗಿ ಬನ್ನಿ ಎಂದೇ ನಾನು ಹೇಳುತ್ತೇನೆ. ದುಡಿಯುವ ಮನೆಗೆ ವಿರಾಮ ಬೇಕು, ಅದು ದುಂದಲ್ಲ. ಆದರೆ ಹೋಗಿ ಬಂದ ಮೇಲೆ ಹತ್ತು ತಿಂಗಳು ಕಂತು ಕಟ್ಟುತ್ತ ಕೂತರೆ ಆ ವಿರಾಮ ಎಲ್ಲಿ ಉಳಿಯಿತು? ಆದ್ದರಿಂದ ಯಾರಿಗೂ ಒಂದು ರೂಪಾಯಿ ಮುಂಗಡ ಕೊಡುವ ಮುಂಚೆ, ಊಟದ ಮೇಜಿನ ಮೇಲೆ ಒಂದು ನೋಟ್‌ಬುಕ್ ತೆರೆದು, ಮನೆಮಂದಿಯೆಲ್ಲ ಕೂತು ಲೆಕ್ಕ ಬರೆಯಬೇಕು. ಆ ಲೆಕ್ಕ ಹೇಗಿರಬೇಕು ಎಂಬುದೇ ನನ್ನ ಇವತ್ತಿನ ಮಾತು.

ಎಷ್ಟಾಗುತ್ತದೆ ಎಂದು ವಿಚಾರಿಸುವುದರಿಂದ ಎಲ್ಲರೂ ಶುರುಮಾಡುತ್ತಾರೆ. ಅದು ಎರಡನೆಯ ಪ್ರಶ್ನೆ. ಸಾಲ ಮಾಡದೆ, ಮಕ್ಕಳ ಫೀಜಿಗೆ ಇಟ್ಟಿದ್ದನ್ನು ಮುಟ್ಟದೆ, ನಮ್ಮ ಹತ್ತಿರ ಎಷ್ಟಿದೆ ಎಂಬುದು ಮೊದಲನೆಯದು. ಮೊತ್ತ ನಿಂತ ಮೇಲೆ ಊರು ಹುಡುಕಬೇಕು. ತಿಂಗಳಿಗೆ 25 ಸಾವಿರದಂತೆ ಬ್ಯಾಂಕಿನ ಆರ್‌ಡಿಗೆ ಹಾಕಿದರೆ ವರ್ಷಕ್ಕೆ ಮೂರು ಲಕ್ಷ, ಮೇಲೆ ಒಂದಿಷ್ಟು ಬಡ್ಡಿ. 15 ಸಾವಿರವಷ್ಟೇ ಮಿಗುವ ಮನೆಗೆ ಇಪ್ಪತ್ತು ತಿಂಗಳು ಬೇಕು. ಅಲ್ಲಿಯತನಕ ಕಾಯುವುದರಲ್ಲಿ ತಪ್ಪೇನೂ ಇಲ್ಲ.

ನಮ್ಮ ಊರಿನಲ್ಲಿ ಚೀಟಿ ಹಾಕುವವರು ಬಹಳ. ಪ್ರವಾಸಕ್ಕೆಂದು ಚೀಟಿ ಹಾಕಿದರೆ ಒಂದು ಮಾತು ನೆನಪಿರಲಿ. ಮೊದಲ ತಿಂಗಳುಗಳಲ್ಲಿ ಹರಾಜು ಕೂಗಿ ಚೀಟಿ ಎತ್ತಿದರೆ ದೊಡ್ಡ ಮೊತ್ತವನ್ನು ಬಿಟ್ಟುಕೊಡಬೇಕಾಗುತ್ತದೆ. ಕೊನೆಕೊನೆಗೆ ಎತ್ತುವವರಿಗೆ, ಬೇರೆಯವರು ಬಿಟ್ಟ ಹಣದ ಪಾಲು ಕಂತಿನಲ್ಲಿ ಕಡಿತವಾಗುತ್ತ ಬರುತ್ತದೆ. ಮದುವೆ, ಆಸ್ಪತ್ರೆ ಎಂದರೆ ಅವಸರಕ್ಕೆ ಎತ್ತಲೇಬೇಕು. ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ, ಕೊನೆಯವರೆಗೆ ಕಾಯಬಹುದು. ಚೀಟಿ 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿ ಆದದ್ದೇ ಎಂದು ಮಾತ್ರ ನೋಡಿಕೊಳ್ಳಿ.

ಸರಕಾರಿ ನೌಕರಿಯಲ್ಲಿ, ಬ್ಯಾಂಕುಗಳಲ್ಲಿ ಇರುವವರು ಎಲ್‌ಟಿಸಿ, ಅಂದರೆ ರಜಾ ಪ್ರಯಾಣ ರಿಯಾಯಿತಿಯ ಹಣ ವಿದೇಶಕ್ಕೆ ಬರುತ್ತದೆಯೇ ಎಂದು ಕೇಳುತ್ತಾರೆ. ಬರುವುದಿಲ್ಲ. ಸ್ಟೇಟ್ ಬ್ಯಾಂಕಿನ ಕೆಲವು ನೌಕರರು ದೆಹಲಿಯಿಂದ ಮದುರೈಗೆ ಹೋಗಿ, ಅಲ್ಲಿಂದ ಕೊಲಂಬೊ, ಕೌಲಾಲಂಪುರ, ಸಿಂಗಪುರ ಸುತ್ತಿ ದೆಹಲಿಗೆ ಮರಳಿ ಎಲ್‌ಟಿಸಿ ಪಡೆದಿದ್ದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತೆರಿಗೆ ವಿನಾಯಿತಿ ಭಾರತದೊಳಗಿನ ಪ್ರಯಾಣಕ್ಕಷ್ಟೇ ಎಂದು 2022ರ ನವೆಂಬರಿನಲ್ಲಿ ತೀರ್ಪು ಬಂತು. ಆ ಬಾಬನ್ನು ನೋಟ್‌ಬುಕ್ಕಿನಲ್ಲಿ ಬರೆಯಲೇಬೇಡಿ.

ಇನ್ನು ನಾಣ್ಯದ ಮಾತು. ಎರಡು ನಾಣ್ಯಗಳ ಲೆಕ್ಕ ನಮ್ಮ ಜನಕ್ಕೆ ಹೊಸದಲ್ಲ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿಗೆ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿಗೆ ಹೆಚ್ಚುಕಡಿಮೆ ಆರು ಕಲ್ದಾರ್. ಕಲಬುರಗಿ, ರಾಯಚೂರು, ಬೀದರದ ನಮ್ಮ ಹಿರಿಯರು ಸೊಲ್ಲಾಪುರಕ್ಕೆ ಬಟ್ಟೆ ತರಲು ಹೋಗಲಿ, ಧಾರವಾಡದ ನೆಂಟರ ಮನೆಗೆ ಹೋಗಲಿ, ಬಳ್ಳಾರಿಗೆ ಮದುವೆಗೆ ಹೋಗಲಿ, ನಾಣ್ಯ ಬದಲಿಸುವ ಈ ಬಟ್ಟಾ ಲೆಕ್ಕ ಹಾಕಿಯೇ ಗಂಟು ಕಟ್ಟುತ್ತಿದ್ದರು. ಗಡಿ ದಾಟುವಾಗ ಒಂದಿಷ್ಟು ಸೋರಿಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಾವೂ ಹಾಗೇ ಬರೆದುಕೊಳ್ಳೋಣ. ಇವತ್ತಿನ ದರ ಎಷ್ಟೇ ಇರಲಿ, ಡಾಲರಿಗೆ ಮೂರು ನಾಲ್ಕು ರೂಪಾಯಿ ಹೆಚ್ಚು ಹಿಡಿದು ಲೆಕ್ಕ ಹಾಕಿ. ಟಿಕೆಟ್ ಕಾಯ್ದಿರಿಸುವ ದಿನಕ್ಕೂ ರೆಸಾರ್ಟಿನ ಕೊನೆಯ ಬಿಲ್ ಕಟ್ಟುವ ದಿನಕ್ಕೂ ಆರು ತಿಂಗಳ ಅಂತರ ಇರಬಹುದು. ಅಷ್ಟರಲ್ಲಿ ರೂಪಾಯಿ ಜಾರಿದರೆ ಹೊಡೆತ ನಿಮ್ಮ ಜೇಬಿಗೇ.

ಈಗ ಒಂದು ಬಿಲ್ಲನ್ನು ಹತ್ತಿರದಿಂದ ನೋಡೋಣ. ಪೆನ್ಸಿಲ್ ಇದ್ದವರು ಬರೆದುಕೊಳ್ಳಿ. ಮಾಲ್ಡೀವ್ಸ್‌ನ ಒಂದು ರೆಸಾರ್ಟು, ಗಂಡ ಹೆಂಡತಿ, ಇಬ್ಬರು ಶಾಲೆಯ ಮಕ್ಕಳು, ನಾಲ್ಕು ರಾತ್ರಿ. ಕೋಣೆಗೆ ರಾತ್ರಿಗೆ 300 ಡಾಲರ್ ಎಂದು ಜಾಹೀರಾತು ಹೇಳುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ರಾತ್ರಿಗೆ 1,200. ಸುಲಭಕ್ಕೆ ಡಾಲರಿಗೆ 90 ರೂಪಾಯಿ ಹಿಡಿದರೆ ಒಂದು ಲಕ್ಷ ಎಂಟು ಸಾವಿರ. ಪರವಾಗಿಲ್ಲ ಎನಿಸುತ್ತದೆ, ಅಲ್ಲವೇ? ಇದರ ಮೇಲೆ ಸೇವಾಶುಲ್ಕ ನೂರಕ್ಕೆ 10, ಅಂದರೆ 120 ಡಾಲರ್. ಕೂಡಿದರೆ 1,320. ಈ ಕೂಡಿದ ಮೊತ್ತದ ಮೇಲೆ ಅಲ್ಲಿನ ಪ್ರವಾಸೋದ್ಯಮ ತೆರಿಗೆ. ಅದು 2025ರ ಜುಲೈಯಿಂದ ನೂರಕ್ಕೆ 17. ಅಲ್ಲಿಗೆ ಸುಮಾರು 1,544. ಇಷ್ಟಕ್ಕೇ ಮುಗಿಯಲಿಲ್ಲ. ಹಸಿರು ತೆರಿಗೆ ಎಂಬುದೊಂದಿದೆ. 2025ರ ಜನವರಿಯಿಂದ ರೆಸಾರ್ಟುಗಳಲ್ಲಿ ತಲೆಗೆ, ರಾತ್ರಿಗೆ 12 ಡಾಲರ್. ಮೊದಲು 6 ಇತ್ತು. ನಾಲ್ಕು ತಲೆ, ನಾಲ್ಕು ರಾತ್ರಿ, 192 ಡಾಲರ್. ಈಗ 1,736.

ಇನ್ನೂ ನೀವು ದ್ವೀಪ ತಲುಪಿಲ್ಲ! ಮಾಲೆಯ ವಿಮಾನ ನಿಲ್ದಾಣದಿಂದ ರೆಸಾರ್ಟಿಗೆ ಹೋಗುವುದು ಹೇಗೆ? ಹತ್ತಿರವಿದ್ದರೆ ಸ್ಪೀಡ್‌ಬೋಟ್, ದೂರವಿದ್ದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ. ಹೋಗಿಬರಲು ದೊಡ್ಡವರಿಗೆ ತಲಾ 400, ಮಕ್ಕಳಿಗೆ ಅರ್ಧ ಎಂದು ಹಿಡಿದರೂ 1,200 ಡಾಲರ್ ಆಯಿತು. ಕೋಣೆಯ ಬಾಡಿಗೆಯಷ್ಟೇ ಮತ್ತೊಮ್ಮೆ. ಒಟ್ಟು 2,936 ಡಾಲರ್, ಎರಡು ಲಕ್ಷ ಅರವತ್ತನಾಲ್ಕು ಸಾವಿರ ರೂಪಾಯಿ. ಹೈದರಾಬಾದಿನಿಂದ ಮಾಲೆಗೆ ಟಿಕೆಟ್ ಇದರಲ್ಲಿ ಸೇರಿಲ್ಲ. ಮಧ್ಯಾಹ್ನದ ಊಟ, ರಾತ್ರಿಯ ಊಟ ಸೇರಿಲ್ಲ. ಜಾಹೀರಾತಿನವರು ಸುಳ್ಳು ಹೇಳಲಿಲ್ಲ. ಸಣ್ಣ ಅಕ್ಷರದಲ್ಲಿ ಎಲ್ಲವನ್ನೂ ಬರೆದಿರುತ್ತಾರೆ. ಆ ಸಣ್ಣ ಅಕ್ಷರಗಳನ್ನು ನಾವು ಮನೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಬೇಕು, ಅಷ್ಟೇ. ಮತ್ತೊಂದು ವಿಷಯ: ಆ ಸಣ್ಣ ವಿಮಾನ ಹಗಲಲ್ಲಿ ಮಾತ್ರ ಹಾರುತ್ತದೆ. ಸಂಜೆ ತಡವಾಗಿ ಇಳಿದರೆ ಮಾಲೆ ಕಡೆಯಲ್ಲೇ ಒಂದು ರಾತ್ರಿ ಹೆಚ್ಚುವರಿ ಬಾಡಿಗೆ. ಅಗ್ಗದ ಟಿಕೆಟ್ ಸಿಕ್ಕಿತೆಂದು ಹಿಗ್ಗುವ ಮುಂಚೆ ಅದು ಇಳಿಯುವ ಹೊತ್ತು ನೋಡಿ.

ಅದೇ ಮಾಲ್ಡೀವ್ಸ್‌ನಲ್ಲಿ ಇನ್ನೊಂದು ದಾರಿಯೂ ಇದೆ. ಬಹಳ ಕಾಲ ಅಲ್ಲಿ ಪ್ರವಾಸಿಗರು ಎಂದರೆ ರೆಸಾರ್ಟ್ ದ್ವೀಪಗಳಲ್ಲೇ ಇರಬೇಕಿತ್ತು. 2009-10ರ ಸುಮಾರಿಗೆ ನಿಯಮ ಸಡಿಲವಾಗಿ ಜನ ವಾಸಿಸುವ ದ್ವೀಪಗಳಲ್ಲೂ ಅತಿಥಿಗೃಹಗಳು ಬಂದವು. ಮಾಫುಶಿ ಎಂಬ ದ್ವೀಪ ಇದಕ್ಕೆ ಹೆಸರುವಾಸಿ. ಬಾಡಿಗೆ ರೆಸಾರ್ಟಿನ ಒಂದು ಪಾಲಿಗೆ ಇಳಿಯುತ್ತದೆ, ಸಣ್ಣ ಅತಿಥಿಗೃಹಗಳಲ್ಲಿ ಹಸಿರು ತೆರಿಗೆಯೂ ಅರ್ಧ, ಮಾಲೆಯಿಂದ ದೋಣಿಯಲ್ಲೇ ಹೋಗಬಹುದು. ಅಲ್ಲಿ ಮದ್ಯ ಸಿಗುವುದಿಲ್ಲ, ಊರಿನೊಳಗೆ ಮೈತುಂಬ ಬಟ್ಟೆ ತೊಡಬೇಕು. ನಮ್ಮ ಬಹುಪಾಲು ಮನೆಗಳಿಗೆ ಅದೇನೂ ಕೊರತೆಯಲ್ಲ. ಒಂದು ದಿನದ ಮಟ್ಟಿಗೆ ಪಕ್ಕದ ರೆಸಾರ್ಟಿಗೆ ಹಣ ಕಟ್ಟಿ ಹೋಗಿ ಸಂಜೆಗೆ ಮರಳುವ ಏರ್ಪಾಟೂ ಇದೆ. ಮಕ್ಕಳಿಗೆ ನೀರು ಎರಡೂ ಕಡೆ ಅಷ್ಟೇ ನೀಲಿ.

ಊಟದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ರೆಸಾರ್ಟಿಗೆ ಒಂದು ದ್ವೀಪ ಎಂದಾಗ ಪಕ್ಕದ ಬೀದಿಯ ಹೋಟೆಲು ಎಂಬುದೇ ಇಲ್ಲ. ಅಲ್ಲಿ ಬಡಿಸಿದ್ದೇ ಊಟ, ಹೇಳಿದ್ದೇ ಬೆಲೆ, ಅದರ ಮೇಲೂ ಆ ಸೇವಾಶುಲ್ಕ 10, ತೆರಿಗೆ 17. ಆದ್ದರಿಂದ ಊಟದ ಕರಾರನ್ನು ಕೋಣೆಯ ಜೊತೆಗೇ ಮಾಡಿಕೊಳ್ಳಬೇಕು. ಹಾಫ್ ಬೋರ್ಡ್ ಎಂದರೆ ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ. ಫುಲ್ ಬೋರ್ಡ್ ಎಂದರೆ ಮೂರು ಹೊತ್ತು. ಆಲ್ ಇನ್‌ಕ್ಲೂಸಿವ್ ಎಂದರೆ ಅದರ ಮೇಲೆ ಪಾನೀಯಗಳು, ಮುಖ್ಯವಾಗಿ ಮದ್ಯ. ಕುಡಿಯದ ಮನೆಯವರು ಎಲ್ಲವೂ ಸೇರಿದೆ ಎಂಬ ಮಾತಿಗೆ ಮರುಳಾಗಿ ಆಲ್ ಇನ್‌ಕ್ಲೂಸಿವ್ ತೆಗೆದುಕೊಂಡರೆ ಬೇರೆಯವರ ಗ್ಲಾಸಿಗೆ ದುಡ್ಡು ಸುರಿದಂತೆ. ಹತ್ತರ ಹೊತ್ತಿಗೆ ಗಟ್ಟಿಯಾಗಿ ತಿಂಡಿ ತಿಂದು ನೀರಿಗಿಳಿಯುವ ಮಕ್ಕಳಿರುವ ಮನೆಗೆ ಹಾಫ್ ಬೋರ್ಡ್ ಸಾಕಾಗುತ್ತದೆ. ಮಧ್ಯಾಹ್ನಕ್ಕೆ ಮನೆಯಿಂದ ತಂದ ಅವಲಕ್ಕಿ, ಖಾಖ್ರಾ, ಚಟ್ನಿಪುಡಿ, ಹಣ್ಣು ಸಾಕು. ಶೇಂಗಾ ಹೋಳಿಗೆಯ ಒಂದು ಡಬ್ಬಿ ಇದ್ದರಂತೂ ನಾಲ್ಕು ದಿನ ಚಿಂತೆಯಿಲ್ಲ.

ಆದರೆ ಇಂಡಕ್ಷನ್ ಒಲೆ, ಕುಕ್ಕರ್, ಅಕ್ಕಿ, ಬೇಳೆ ಹೊತ್ತುಕೊಂಡು ಹೋಗುವವರಿದ್ದಾರೆ. ಬೆಂಕಿಯ ಭಯದಿಂದ ಹೋಟೆಲಿನವರು ಕೋಣೆಯಲ್ಲಿ ಅಡುಗೆ ಮಾಡಗೊಡುವುದಿಲ್ಲ, ಸಿಕ್ಕಿಬಿದ್ದರೆ ದಂಡ. ಆ ಮಾತು ಹಾಗಿರಲಿ. ದಿನಕ್ಕೆ ಇಪ್ಪತ್ತು ಸಾವಿರ ಕೊಟ್ಟು ಸಮುದ್ರ ಕಾಣುವ ಕೋಣೆ ಹಿಡಿದು, ಆ ಕೋಣೆಯ ಬಚ್ಚಲಿನಲ್ಲಿ ತಟ್ಟೆ ತೊಳೆಯುತ್ತ ನಿಂತ ತಾಯಿಯನ್ನು ನಾನು ನೋಡಿದ್ದೇನೆ. ಅವಳ ಬೆನ್ನ ಹಿಂದೆ ಕಿಟಕಿ, ಕಿಟಕಿಯ ಆಚೆ ಕಡಲು. ಮನೆಯಲ್ಲಿ ವರ್ಷವಿಡೀ ಒಲೆಯ ಮುಂದೆ ನಿಲ್ಲುವವಳಿಗೆ ಐದು ದಿನ ಯಾರೋ ಮಾಡಿ ಬಡಿಸುತ್ತಾರೆ ಎಂಬುದೇ ಈ ಖರ್ಚಿನಲ್ಲಿ ದೊಡ್ಡ ಪಾಲು. ಅದನ್ನೇ ಉಳಿಸಲು ಹೊರಟರೆ ಮಿಕ್ಕ ದುಡ್ಡೆಲ್ಲ ಯಾತಕ್ಕೆ ಕೊಟ್ಟ ಹಾಗಾಯಿತು? ಉಳಿಸಲೇಬೇಕೆಂದರೆ ಸಮುದ್ರ ಕಾಣುವ ಕೋಣೆಯನ್ನು ಬಿಡಿ, ತೋಟದ ಕಡೆಯ ಕೋಣೆ ಹಿಡಿಯಿರಿ. ಒಂದು ರಾತ್ರಿ ಕಡಿಮೆ ಮಾಡಿ. ಅವಳ ಊಟವನ್ನು ಮಾತ್ರ ಕಡಿಮೆ ಮಾಡಬೇಡಿ.

ಥಾಯ್ಲೆಂಡ್ ಕಡೆ ಬಂದರೆ ಲೆಕ್ಕ ಬೇರೆ. 2025ರ ಜನವರಿ ಕೊನೆಯಲ್ಲಿ ನಮ್ಮ ಶಂಶಾಬಾದ್ ವಿಮಾನ ನಿಲ್ದಾಣದಿಂದ ಫುಕೆಟ್‌ಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೇರ ವಿಮಾನ ಶುರುವಾಯಿತು. ಅಲ್ಲಿ ಊರಿದೆ, ಬೀದಿಯಿದೆ, ಭಾರತೀಯ ಹೋಟೆಲುಗಳಿವೆ. ಕೋಣೆ ಅಗ್ಗ. ಆದರೆ ಅಗ್ಗದ ರೆಸಾರ್ಟ್ ಬಹಳ ಸಲ ಊರಿಂದ ದೂರದ ರೆಸಾರ್ಟ್ ಆಗಿರುತ್ತದೆ, ಆಗ ಪ್ರತಿ ಊಟಕ್ಕೂ ಟ್ಯಾಕ್ಸಿ. ನಕ್ಷೆ ತೆರೆದು, ಕೋಣೆಯಿಂದ ನಡೆದುಹೋಗುವ ದೂರದಲ್ಲಿ ದಂಡೆ ಇದೆಯೇ, ಊಟದ ಜಾಗ ಇದೆಯೇ ಎಂದು ಮನೆಯಲ್ಲೇ ಅಳೆಯಿರಿ. ಫಿಫಿ ದ್ವೀಪಕ್ಕೆ ಹೋಗುವ ದೋಣಿಯ ದರದ ಮೇಲೆ ರಾಷ್ಟ್ರೀಯ ಉದ್ಯಾನದ ಶುಲ್ಕ ವಿದೇಶಿಯರಿಗೆ 400 ಬಾತ್, ಮಕ್ಕಳಿಗೆ 200. ಅದು ಸೇರಿದೆಯೋ ಇಲ್ಲವೋ ಕೇಳಬೇಕು. ಶುದ್ಧ ಸಸ್ಯಾಹಾರಿಗಳು ಗಮನಿಸಿ: ಬರಿ ತರಕಾರಿ ಎಂದು ಹೇಳಿದರೂ ಅಲ್ಲಿನ ಅಡುಗೆಗೆ ಮೀನಿನ ಸಾರ ಬೀಳುವುದು ಸಾಮಾನ್ಯ. 'ಜೇ' ಎಂದು ಕೇಳಿದರೆ ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ್ದು ಸಿಗುತ್ತದೆ.

ಬಾಲಿಯಲ್ಲಿ ಇಳಿದ ಕೂಡಲೇ ವೀಸಾಕ್ಕೆ ತಲೆಗೆ 5 ಲಕ್ಷ ರುಪಿಯಾ, ಜೊತೆಗೆ 2024ರ ಫೆಬ್ರವರಿಯಿಂದ ಪ್ರವಾಸಿ ಸುಂಕ ಒಂದೂವರೆ ಲಕ್ಷ ರುಪಿಯಾ. ಸೊನ್ನೆ ನೋಡಿ ಹೆದರಬೇಡಿ, ನಾಲ್ವರಿಗೂ ಸೇರಿ ನಮ್ಮ ಹದಿನಾಲ್ಕು ಸಾವಿರ ರೂಪಾಯಿಯ ಹತ್ತಿರ. ಥಾಯ್ಲೆಂಡಿಗೆ ಹೋಗುವ ಮುನ್ನ ತುಂಬಬೇಕಾದ ಡಿಜಿಟಲ್ ಆಗಮನ ಕಾರ್ಡಿಗೆ ಸರಕಾರ ಹಣ ತೆಗೆದುಕೊಳ್ಳುವುದಿಲ್ಲ. ಯಾರಾದರೂ ಕೇಳಿದರೆ ಅದು ಮೋಸ.

ಕಾಲ ಯಾವುದು ಎಂಬುದೂ ದುಡ್ಡಿನ ಮಾತೇ. ನಮಗೆ ರಜೆ ಸಿಗುವುದು ಶಾಲೆ ಕೊಟ್ಟಾಗ. ತೆಲಂಗಾಣದ ಶಾಲೆಗಳಿಗೆ ಏಪ್ರಿಲ್ ಕೊನೆಯಿಂದ ಜೂನ್ ಎರಡನೇ ವಾರದವರೆಗೆ ಬೇಸಿಗೆ ರಜೆ, ಬತುಕಮ್ಮ ದಸರೆಗೆ ಉದ್ದನೆಯ ರಜೆ, ಸಂಕ್ರಾಂತಿಗೆ ಕೆಲವು ದಿನ. ಫುಕೆಟ್, ಕ್ರಾಬಿ ಇರುವುದು ಅಂಡಮಾನ್ ಸಮುದ್ರದ ಬದಿಗೆ. ಅಲ್ಲಿ ಮೇ ತಿಂಗಳಿಂದ ಅಕ್ಟೋಬರಿನವರೆಗೆ ಮಳೆಗಾಲ. ಆಗ ಕೋಣೆ ಅರ್ಧ ಬೆಲೆಗೆ ಸಿಗುತ್ತದೆ ನಿಜ, ಆದರೆ ದಂಡೆಯ ಮೇಲೆ ಕೆಂಪು ಬಾವುಟ ಹಾರುತ್ತಿರುತ್ತದೆ. ನೀರಿಗಿಳಿಯಬಾರದು ಎಂದು ಅದರ ಅರ್ಥ. ಆ ಬಾವುಟವನ್ನು ಲೆಕ್ಕಿಸದೆ ಇಳಿದು ಪ್ರಾಣ ಕಳೆದುಕೊಂಡ ಪ್ರವಾಸಿಗಳಿದ್ದಾರೆ. ಮಕ್ಕಳ ಜೊತೆ ಹೋಗುವವರು ಅದನ್ನು ಖಂಡಿತ ಮೀರಬಾರದು. ಬಾಲಿಯಲ್ಲಿ ಇದಕ್ಕೆ ತಿರುಗಾಮುರುಗಾ: ಏಪ್ರಿಲಿನಿಂದ ಅಕ್ಟೋಬರಿನವರೆಗೆ ಒಣಹವೆ. ಹಾಗಾಗಿ ನಮ್ಮ ಬೇಸಿಗೆ ರಜೆಗೂ ದಸರೆಗೂ ಬಾಲಿ ಸರಿ. ಸಂಕ್ರಾಂತಿಗೆ ಫುಕೆಟ್, ಇಲ್ಲವೇ ಶ್ರೀಲಂಕೆಯ ಬೆಂತೋಟ ಸರಿ. ಜನವರಿಯಲ್ಲಿ ಬೆಲೆ ಏರಿರುತ್ತದೆ, ಆದರೆ ಕಡಲು ಶಾಂತವಾಗಿರುತ್ತದೆ.

ಟ್ರಾವೆಲ್ಸ್‌ನವರಿಂದ ಪ್ಯಾಕೇಜ್ ತೆಗೆದುಕೊಂಡರೆ ಹೇಳಿದ ಬೆಲೆಯ ಮೇಲೆ ಜಿಎಸ್‌ಟಿ ನೂರಕ್ಕೆ 5. ಅದರ ಜೊತೆ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ. 2023ರ ಅಕ್ಟೋಬರಿನಿಂದ 7 ಲಕ್ಷದವರೆಗೆ ನೂರಕ್ಕೆ 5, ಅದರ ಮೇಲಿನದಕ್ಕೆ 20 ಇತ್ತು; 2025ರ ಏಪ್ರಿಲಿನಿಂದ ಆ ಗಡಿ 10 ಲಕ್ಷವಾಯಿತು. ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವ ದರ ಇದು, ಹಣ ಕಟ್ಟುವ ದಿನ ಏನಿದೆ ಕೇಳಿಕೊಳ್ಳಿ. ಜಿಎಸ್‌ಟಿ ಹೋದದ್ದು ಹೋಯಿತು. ಟಿಸಿಎಸ್ ನಿಮ್ಮದೇ ಹಣ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ತೆರಿಗೆ ಜಮೆಯ ಪಟ್ಟಿಯಲ್ಲಿ ಕಾಣಿಸುತ್ತದೆ, ರಿಟರ್ನ್ ಸಲ್ಲಿಸುವಾಗ ಹಿಂದಕ್ಕೆ ಪಡೆಯಬಹುದು. ಸಂಬಳದಾರರು ಕಚೇರಿಗೆ ತಿಳಿಸಿ ಸಂಬಳದ ತೆರಿಗೆಯಲ್ಲೇ ಕಡಿತ ಮಾಡಿಸಿಕೊಳ್ಳಲೂ ಅವಕಾಶ ಬಂದಿದೆ. ಆದರೂ ಕೆಲವು ತಿಂಗಳು ಆ ಹಣ ಕೈಯಲ್ಲಿರುವುದಿಲ್ಲ, ಲೆಕ್ಕದಲ್ಲಿ ಬರೆಯಲೇಬೇಕು. ವಿಮಾನದ ಟಿಕೆಟ್ಟನ್ನೇ ಬೇರೆ, ಹೋಟೆಲನ್ನೇ ಬೇರೆ ನೀವೇ ಕಾಯ್ದಿರಿಸಿದರೆ ಅದು ಪ್ಯಾಕೇಜ್ ಎನಿಸುವುದಿಲ್ಲ.

ಕಾರ್ಡಿನ ವಿಷಯ. ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡುಗಳು ವಿದೇಶದ ಖರ್ಚಿಗೆ ನೂರಕ್ಕೆ ಎರಡರಿಂದ ಮೂರೂವರೆ ಹೆಚ್ಚು ಹಿಡಿಯುತ್ತವೆ, ಆ ಶುಲ್ಕದ ಮೇಲೆ ಮತ್ತೆ ಜಿಎಸ್‌ಟಿ. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಆದರದಿಂದ ಕೇಳಿದರೆ ಬೇಡವೆನ್ನಿ. ಬಾತ್ ಇದ್ದಲ್ಲಿ ಬಾತ್, ಡಾಲರ್ ಇದ್ದಲ್ಲಿ ಡಾಲರ್. ರೂಪಾಯಿ ಎಂದರೆ ಅವರು ತಮ್ಮ ದರ ಹಾಕುತ್ತಾರೆ. ನಗದು ಡಾಲರನ್ನು ವಿಮಾನ ನಿಲ್ದಾಣದಲ್ಲಿ ಕೊಳ್ಳುವ ಬದಲು ಒಂದು ವಾರ ಮೊದಲೇ ಊರೊಳಗೆ ಎರಡು ಮೂರು ಕಡೆ ದರ ವಿಚಾರಿಸಿ ಕೊಂಡರೆ ಉಳಿತಾಯ. ತಲೆಗೆ 3,000 ಡಾಲರ್‌ವರೆಗೆ ನೋಟು ಒಯ್ಯಬಹುದು, ಅಷ್ಟು ಬೇಕಾಗುವುದಿಲ್ಲ. ರೆಸಾರ್ಟಿಗೆ ಸೇರುವಾಗ ಠೇವಣಿ ಎಂದು ಕಾರ್ಡಿನಲ್ಲಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ದುಡ್ಡೇ ದಿನಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಈ ಊರಿನ ಮಾಲ್‌ಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಕೂಪನ್ ತುಂಬಿಸಿಕೊಂಡು, ನಿಮಗೆ ಉಚಿತ ಪ್ರವಾಸ ಬಂದಿದೆ, ದಂಪತಿಗಳಿಬ್ಬರೂ ಬನ್ನಿ ಎಂದು ಕರೆಯುವವರ ಬಗ್ಗೆ ಹೇಳದೆ ಹೋದರೆ ಈ ಮಾತು ಪೂರ್ತಿಯಾಗದು. ಹೋಟೆಲಿನ ಸಭಾಂಗಣ, ಜೋರು ಸಂಗೀತ, ಎರಡು ಗಂಟೆಯ ಮಾತು, ಇವತ್ತೇ ಸಹಿ ಹಾಕಿದರೆ ಮಾತ್ರ ಈ ಬೆಲೆ ಎಂಬ ಒತ್ತಾಯ. ಲಕ್ಷಗಟ್ಟಲೆ ಕೊಟ್ಟು ಸದಸ್ಯರಾದವರು ತಮಗೆ ಬೇಕಾದ ತಾರೀಕಿಗೆ ಕೋಣೆ ಸಿಗದೆ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದ್ದಾರೆ. ಇವತ್ತೇ ಎನ್ನುವವರಿಗೆ ನಾಳೆ ಎನ್ನಿ. ಆಗಲೇ ಸಿಕ್ಕಿಬಿದ್ದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ.

ಇನ್ನು ಕಾಗದಪತ್ರಗಳು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ, ಅದನ್ನು ಮೊದಲು ತೆಗೆದು ನೋಡಿ. ಪ್ರಯಾಣ ವಿಮೆಯನ್ನು ಬಿಡಬೇಡಿ; ಅಜ್ಜ ಅಜ್ಜಿಯರ ಸಕ್ಕರೆ, ಬಿಪಿಯನ್ನು ಮುಚ್ಚಿಡದೆ ಬರೆಯಿಸಿ. ಬಾಡಿಗೆ ಸ್ಕೂಟರ್ ಓಡಿಸುವ ಹುಡುಗರಿದ್ದರೆ ಇಲ್ಲಿನ ಆರ್‌ಟಿಎ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಬೇಕು. ಅದಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ.

ಇಷ್ಟೆಲ್ಲ ಕೂಡಿಸಿದಾಗ ನಿಮ್ಮ ಮೊತ್ತ ಸಾಲದು ಎಂದು ಕಂಡರೆ ಬೇಸರ ಬೇಡ. ಕಾಚಿಗುಡದಿಂದ ಮಂಗಳೂರಿಗೆ ಹೋಗುವ ರೈಲು ಈಗ ಮುರುಡೇಶ್ವರದವರೆಗೆ ಮುಂದುವರಿದಿದೆ. ಅಲ್ಲಿಂದ ಹೊನ್ನಾವರದ ಕಾಸರಕೋಡು ಹತ್ತಿರ. 2020ರಲ್ಲಿ ಅದಕ್ಕೂ ಪಡುಬಿದ್ರಿಗೂ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಮಕ್ಕಳು ಈ ವರ್ಷ ಅಲ್ಲಿ ಅಲೆಯಾಡಲಿ, ಚೀಟಿ ಮುಂದುವರಿಯಲಿ.

ಮೊತ್ತ ಸಾಕಾಗುತ್ತದೆ ಎನಿಸಿದವರು ಹತ್ತನೇ ಒಂದು ಪಾಲನ್ನು ಬೇರೆ ತೆಗೆದಿಟ್ಟು ಮಿಕ್ಕಿದ್ದರಲ್ಲೇ ಪ್ರವಾಸ ಕೂಡಿಸಿ. ನಡುರಾತ್ರಿ ಶಂಶಾಬಾದಿನಲ್ಲಿ ಇಳಿದಾಗಿನ ಕ್ಯಾಬ್ ಬಾಡಿಗೆ, ತಪ್ಪಿದ ವಿಮಾನ, ಮಗುವಿಗೆ ಜ್ವರ, ಎಲ್ಲಕ್ಕೂ ಅದೇ ಆಧಾರ. ಬೇಸಿಗೆಯಲ್ಲಿ ಹೋಗುವವರು ನೋಟ್‌ಬುಕ್ಕಿನ ಅದೇ ಪುಟದಲ್ಲಿ ಜೂನ್ ತಿಂಗಳ ಶಾಲೆಯ ಫೀಜು, ಪುಸ್ತಕ, ಸಮವಸ್ತ್ರದ ಮೊತ್ತವನ್ನೂ ಬರೆದು, ಆ ಹಣವನ್ನು ಬೇರೆ ಖಾತೆಗೆ ಹಾಕಿ, ಆಮೇಲೆ ಟಿಕೆಟ್ ಕಾಯ್ದಿರಿಸಿ.